ತುದಿ ಕತ್ತರಿಸಿದ ಹಲಗೆ

ನಮ್ಮ ಕನ್ನಡ ಸಂಘದ ಕಾರ್ಯದರ್ಶಿಯವರು ಫೋನ್ ಮಾಡಿ, "ಈ ಸಲದ ಸ್ಮರಣ ಸಂಚಿಕೆಗೆ ನೀವು ಅಣ್ಣೆರ ಬಗ್ಗೆ ಎರಡು ಒಳ್ಳೆ ಮಾತು ಬರೀಬೇಕು. ಅವರೊಟ್ಟಿಗೆ ಹೆಚ್ಚು ವರ್ಷ ಕೆಲಸ ಮಾಡಿದ್ದು ನೀವೇ ಅಲ್ವಾ" ಎಂದರು. ಒಳ್ಳೆಯ ಮಾತಿಗೆ ನನ್ನಲ್ಲಿ ಬರವಿಲ್ಲ. ಕುವೈತಿನ ಒಂದು ಮರದ ಕಂಪನಿಯ ಆಫೀಸಿನಲ್ಲಿ ಕೂತು ಹದಿನೆಂಟು ವರ್ಷದಿಂದ ಗಿರಾಕಿಗಳಿಗೆ ಪತ್ರ ಟೈಪು ಮಾಡುವವಳು ನಾನು. ಒಳ್ಳೆಯ ಮಾತೇ ನನ್ನ ಹೊಟ್ಟೆಪಾಡು. "ಎಷ್ಟು ಪುಟ?" ಎಂದೆ. "ಎರಡು ಸಾಕು. ಅಧ್ಯಕ್ಷರು ಒಮ್ಮೆ ಓದಿ ಪ್ರೆಸ್ಸಿಗೆ ಕಳಿಸ್ತಾರೆ" ಎಂದರು. ಆ ಕೊನೆಯ ವಾಕ್ಯ ಕೇಳಿದ ಮೇಲೆಯೇ ನಾನು ಬರೆಯಲು ಒಪ್ಪಿದ್ದು. ಅಧ್ಯಕ್ಷರು ಓದಬೇಕು.

ಮೊದಲೇ ಹೇಳಿಬಿಡುತ್ತೇನೆ, ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರನ್ನು ಕೇಳದೆ ಅವರ ಹೆಸರನ್ನು ಒಮ್ಮೆ ಉಪಯೋಗಿಸಿದ್ದೇನೆ, ಅಷ್ಟೇ ಸಾಕು. ಸಬ್ಹಾನಿನಲ್ಲಿರುವ ನಮ್ಮ ಯಾರ್ಡಿನ ಪಠಾಣರು, ಬಿಹಾರಿಗಳು ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಕರಾವಳಿಯ ನಮಗೆಲ್ಲ ಅವರು ತುಳುವಿನ ಅಣ್ಣೆರ್, ಅಣ್ಣನವರು. ನನ್ನ ಮನೆಮಾತು ಕೊಂಕಣಿ, ಅವರದು ತುಳು. ಇಬ್ಬರೂ ಮಂಗಳೂರಿನ ಕನ್ನಡದಲ್ಲಿ ಸೇರುತ್ತಿದ್ದೆವು. ಊರಿನಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ಅವರು ನನ್ನನ್ನು ಬಾಯಮ್ಮ ಎನ್ನುತ್ತಿದ್ದರು. ಆಫೀಸಿನಲ್ಲಿ ಎಲ್ಲರ ಬಾಯಲ್ಲೂ 'ಮೇಡಂ' ಆಗಿದ್ದ ನನಗೆ ಆ ಒಂದು ಕರೆಗೆ ಊರು ನೆನಪಾಗುತ್ತಿತ್ತು. ಹೋದ ತಿಂಗಳು ತೀರಿಕೊಂಡರು. ವಾಟ್ಸಾಪ್ ಗುಂಪಿನಲ್ಲಿ ಅರ್ಧ ಗಂಟೆ ಮುಗಿದ ಕೈಗಳು ಬಂದವು, ಆಮೇಲೆ ಯಾರೋ ಕ್ರಿಕೆಟ್ ಸ್ಕೋರು ಹಾಕಿದರು.

ಅವರ ಕೆಲಸ ಬಡಿಯುವುದು. ಹಡಗಿನಲ್ಲಿ ಬಂದ ಹಲಗೆಗಳನ್ನು ಒಂದೊಂದಾಗಿ ಬಡಿದು, ಒಳಗೆ ಕೊಳೆತು ಕುಂಬಾದದ್ದು ಯಾವುದು, ಗಟ್ಟಿ ಯಾವುದು ಎಂದು ಬೇರೆ ಮಾಡುವುದು. ಅದಕ್ಕೆ ಅವರ ಬಳಿ ಇದ್ದದ್ದು ಒಂದು ಉಳಿಯ ಹಿಡಿ. ಉಳಿ ಇರಲಿಲ್ಲ, ಹಿಡಿ ಮಾತ್ರ. ದೋಣಿ ಕಟ್ಟುತ್ತಿದ್ದ ಅಪ್ಪನದಂತೆ. ಕಬ್ಬಿಣ ಸವೆದು ಹೋಗಿ ಮರ ಉಳಿದಿತ್ತು. ರಜೆ ಮುಗಿಸಿ ಬರುವಾಗೆಲ್ಲ ವಿಮಾನ ನಿಲ್ದಾಣದಲ್ಲಿ ಅದನ್ನು ಚೀಲದಿಂದ ಹೊರಗೆ ತೆಗೆಸಿ ಇದೇನು ಎಂದು ಕೇಳುತ್ತಿದ್ದರಂತೆ. "ಇದು ನನ್ನ ಕಿವಿ ಅಂತ ಹೇಳ್ತೇನೆ ನಾನು" ಎಂದು ಅವರು ನಮ್ಮೆದುರು ಕೊಚ್ಚಿಕೊಳ್ಳುತ್ತಿದ್ದರು. ನಿಜವಾಗಿ ಹಾಗೆ ಹೇಳಿರಲಾರರು. ಸಮವಸ್ತ್ರ ಹಾಕಿದವರನ್ನು ಕಂಡರೆ ಅವರ ಬಾಯಿ ಒಣಗುತ್ತಿತ್ತು.

ತಲೆಗೆ ಒದ್ದೆ ಬೈರಾಸು ಸುತ್ತಿ, ಹಲಗೆಯ ಉದ್ದಕ್ಕೂ ನಡೆಯುತ್ತ, ಗೇಣಿಗೊಂದು ಬಡಿತ. ತಲೆ ಎಡಕ್ಕೆ ಓರೆ. ಹಲಸಿನ ಹಣ್ಣು ಕೊಳ್ಳುವವರು ಮಾಡುತ್ತಾರಲ್ಲ, ಹಾಗೆ. ಸದ್ದು ಮಂಕಾದ ಕಡೆ ನಿಂತು ಇನ್ನೆರಡು ಸಲ ಬಡಿದು, ಜೇಬಿನಿಂದ ನೀಲಿ ಮೇಣದ ಕಡ್ಡಿ ತೆಗೆದು ಹಲಗೆಯ ತುದಿಗೆ ಒಂದು ಕತ್ತರಿ ಗುರುತು. ನಡೆದು ಹೋಗಿ ಇನ್ನೊಂದು ತುದಿಗೂ ಒಂದು. ನೀಲಿ ಗುರುತಿನ ಹಲಗೆಗಳನ್ನು ಬೇರೆ ಒಟ್ಟುತ್ತಿದ್ದರು. ಚಳಿಗಾಲದಲ್ಲಿ ಮರುಭೂಮಿಯಲ್ಲಿ ಡೇರೆ ಹಾಕಿ ಕೂರುವವರು ಬಂದು ಸೌದೆಗೆಂದು ಒಯ್ಯುತ್ತಿದ್ದರು. ಎರಡೂ ತುದಿಗೆ ಯಾಕೆ ಗುರುತು ಎಂದು ಒಮ್ಮೆ ಕೇಳಿದ್ದೆ. "ಅಳತೆಗೆ ಬೇಕು ಅಂತ ಒಂದು ತುದಿ ಕಟ್ ಮಾಡ್ತಾರೆ ಬಾಯಮ್ಮ. ಇನ್ನೊಂದು ತುದಿಯಲ್ಲಾದ್ರೂ ಉಳೀಲಿ" ಎಂದಿದ್ದರು. ನಾನು ಅದನ್ನು ಮರೆಯಲಿಲ್ಲ. ಕೆಲವು ವಿಷಯ ಮರೆಯುವುದೇ ಒಳ್ಳೆಯದಿತ್ತು.

ಬಡಿಯುವ ಚಾಳಿ ಯಾರ್ಡಿಗೆ ಮುಗಿಯುತ್ತಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ದಿನ ಏನೋ ಕಾಗದ ಕೊಡಲು ಬಂದವರು ನನ್ನ ಹೊಸ ಮೇಜನ್ನು ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು, ಪಾಪ ಎನ್ನುವ ಮುಖ ಮಾಡಿದರು. "ಇದು ಮರ ಅಲ್ಲ. ಹೊಟ್ಟು ಅಂಟಿಸಿದ್ದು. ನೀರು ತಾಗಿಸ್ಬೇಡಿ, ಉಬ್ತದೆ." ಮ್ಯಾನೇಜರರ ಕೋಣೆಯಲ್ಲೂ ನಿಂತಲ್ಲೇ ಕಪಾಟು ಬಡಿಯುವರು. ನಮ್ಮ ಮ್ಯಾನೇಜರರೂ ನಮ್ಮ ಕಡೆಯವರೇ, ತುಳುವರು. ರಾಜ್ಯೋತ್ಸವದ ವೇದಿಕೆಯಲ್ಲಿ ಪೇಟ ಸುತ್ತಿಕೊಂಡು "ನಮ್ಮವ್ರು ನಮ್ಮವ್ರಿಗೆ ಆಗ್ಬೇಕು" ಎಂದು ಮೇಜು ಗುದ್ದಿ ಹೇಳುವವರು. ಸಂಘದ ಈಗಿನ ಅಧ್ಯಕ್ಷರು ಅವರೇ ಎಂಬುದು ಓದುಗರಿಗೆ ಗೊತ್ತಿರಲಿ.

ನಮ್ಮಲ್ಲಿಗೆ ಬರುತ್ತಿದ್ದದ್ದು ಹೆಚ್ಚಾಗಿ ಫರ್ ಮರದ ಹಲಗೆ, ಯಾರ್ಡಿನ ಮಾತಿನಲ್ಲಿ ವೈಟ್‌ವುಡ್. ಹೆಬ್ಬಲಸು, ಸಾಗುವಾನಿ ನೋಡಿ ಬೆಳೆದ ಅಣ್ಣೆರಿಗೆ ಅದರ ಮೇಲೆ ಮೊದಮೊದಲು ತಾತ್ಸಾರವಿತ್ತು. "ಮೈದಾ ಹಿಟ್ಟು" ಎನ್ನುತ್ತಿದ್ದರು. ಆದರೆ ಒಂದು ವರ್ಷ ಅವರು ತಿರಸ್ಕರಿಸಿದ ಹಲಗೆಗಳ ರಾಶಿ ಎಷ್ಟು ದೊಡ್ಡದಾಯಿತೆಂದರೆ, ಮರ ಕಳಿಸುವ ಮಿಲ್ಲಿನವರು ಜಗಳಕ್ಕೆಂದೇ ಒಬ್ಬ ತಜ್ಞನನ್ನು ಕಳಿಸಿದರು. ಎತ್ತರದ ಬಿಳಿಯ ಮನುಷ್ಯ, ಬಿಸಿಲಿಗೆ ಕಿವಿ ಕೆಂಪಾಗಿತ್ತು. ನೀಲಿ ಗುರುತಿನ ಮೂರು ಹಲಗೆಗಳನ್ನು ತಾನೇ ಆರಿಸಿ ನಡುವೆ ಕೊಯ್ಯಿಸಿದ. ಮೂರರಲ್ಲೂ ತುಕ್ಕಿನ ಬಣ್ಣದ ಗೆರೆ ಒಳಗೇ ಹರಿದಿತ್ತು. ಹೊರಗೆ ನೋಡಿದರೆ ಬೆಣ್ಣೆಯಂಥ ಹಲಗೆ. ಆತ ಟೊಪ್ಪಿ ತೆಗೆದು ಅಣ್ಣೆರ ಕೈ ಕುಲುಕಿದ. ಆಮೇಲೆ ಇಬ್ಬರೂ ಕೊಯ್ದ ಹಲಗೆಗಳ ಮೇಲೆ ಕೂತು ಒಂದು ಗಂಟೆ ಮಾತಾಡಿದರು, ನಡುವೆ ನಾನು ದುಭಾಷಿ.

ಅದೊಂದು ಶಿಲೀಂಧ್ರ ಎಂದ ಆತ. ನಾನು ಅಣಬೆ ಜಾತಿಯದು ಎಂದು ಕನ್ನಡ ಮಾಡಿದೆ. "ಅಣಬೆಯಾ? ನಾವು ಪದಾರ್ಥ ಮಾಡಿ ತಿನ್ನುದಾ?" ಎಂದರು ಅಣ್ಣೆರ್. ಆತ ನಕ್ಕು ವಿವರಿಸಿದ. ಫರ್ ಮರ ಎಳೆಯದಾಗಿದ್ದಾಗ ಕೆಳಗಿನ ಕಡ್ಡಿಕೊಂಬೆಗಳು ನೆರಳಿಗೆ ಸತ್ತು ಉದುರುತ್ತವೆ. ಉದುರಿದ ಜಾಗದಲ್ಲಿ ಸೂಜಿಮೊನೆಯಷ್ಟು ಗಾಯ. ಗಾಳಿಯಲ್ಲಿ ಬಂದ ಕಣವೊಂದು ಅಲ್ಲಿ ಹೊಕ್ಕು ಕೂರುತ್ತದೆ, ಏನೂ ಮಾಡುವುದಿಲ್ಲ. ಮರ ದಪ್ಪವಾಗುತ್ತ ಹೋಗುತ್ತದೆ, ವರ್ಷಕ್ಕೊಂದು ಬಳೆ ಅದರ ಮೇಲೆ ಮುಚ್ಚಿಕೊಳ್ಳುತ್ತದೆ. ಅದು ಹಾಗೇ ದಶಕಗಟ್ಟಲೆ ಮಲಗಿರುತ್ತದೆ. ಮುಂದೆ ಎಂದೋ ಪಕ್ಕದ ಮರ ಬಿದ್ದು ತೊಗಟೆ ಕಿತ್ತರೆ, ಗಾಳಿಗೆ ಕೊಂಬೆ ಮುರಿದರೆ, ಆಗ ಎದ್ದು ಒಳಗಿನಿಂದ ತಿನ್ನಲು ತೊಡಗುತ್ತದೆ. ಮೊದಮೊದಲು ಕಣ್ಣಿಗೆ ಏನೂ ಕಾಣದು, ಬಣ್ಣ ಚಹಾದಷ್ಟು ತಿರುಗಿರುತ್ತದೆ ಅಷ್ಟೆ. ಆದರೆ ಬಲ ಆಗಲೇ ಹೋಗಿರುತ್ತದೆ.

"ಮರಕ್ಕೆ ಗೊತ್ತಾಗುದಿಲ್ವಾ ಕೇಳಿ ಬಾಯಮ್ಮ."

ಕೇಳಿದೆ. ಮರದ ಜೀವ ಇರುವುದು ಹೊರಗಿನ ಪದರಗಳಲ್ಲಿ ಎಂದ ಆತ. ಒಳ ತಿರುಳು ಎಂದೋ ಸತ್ತದ್ದು, ಬರಿದೇ ಆಧಾರಕ್ಕೆ ನಿಂತದ್ದು. ಸತ್ತದ್ದನ್ನು ತಿಂದರೆ ಬದುಕಿದ್ದಕ್ಕೆ ನೋವಾಗುವುದಿಲ್ಲ. ಮರ ಪ್ರತಿ ವರ್ಷ ಚಿಗುರುತ್ತದೆ, ಹಕ್ಕಿ ಗೂಡು ಕಟ್ಟುತ್ತದೆ, ಕಡಿದವನಿಗೂ ಕಡಿದ ಮೇಲೆಯೇ ಗೊತ್ತಾಗುವುದು.

ಅಣ್ಣೆರ್ ತುಂಬ ಹೊತ್ತು ಹಿಡಿಯನ್ನು ಅಂಗೈಗೆ ಬಡಿದುಕೊಳ್ಳುತ್ತ ಕೂತರು. "ಹಾಗಾದ್ರೆ ಹಸಿರು ನೋಡಿ ನಂಬ್ಲಿಕ್ಕಿಲ್ಲ" ಎಂದರು. ಇದನ್ನು ಕನ್ನಡದಿಂದ ಇಂಗ್ಲಿಷಿಗೆ ಮಾಡಿದ್ದೂ ನಾನೇ. ಬಿಳಿಯ ತನ್ನ ಪುಸ್ತಕದಲ್ಲಿ ಬರೆದುಕೊಂಡ.

ಅಷ್ಟು ಹಲಗೆ ಬಡಿದವರು ಫರ್ ಮರವನ್ನು ನೋಡಿರಲಿಲ್ಲ. ಒಂದು ಡಿಸೆಂಬರಿನಲ್ಲಿ ನಾನು, ಮಗಳು ಕ್ರಿಸ್‌ಮಸ್‌ಗೆಂದು ಗಿಡದಂಗಡಿಗೆ ಹೊರಟಾಗ "ನಿಜವಾದ್ದು ಬಂದದೆಯಂತೆ, ಬರ್ತೀರಾ ಅಣ್ಣ" ಎಂದು ಕರೆದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು, ಹೆಣ್ಣು ನೋಡಲು ಹೋಗುವವರ ಹಾಗೆ. ಪ್ಲಾಸ್ಟಿಕ್ ಕುಂಡದಲ್ಲಿ ಸೊಂಟದೆತ್ತರದ ಗಿಡ, ಏಸಿಯ ಗಾಳಿಗೆ ನಿಂತಿತ್ತು. "ಇಷ್ಟೇನಾ!" ಎಂದರು. ಆಮೇಲೆ ನೆಲಕ್ಕೆ ಮಂಡಿ ಊರಿ, ಕನ್ನಡಕ ಹಾಕಿ, ಬುಡದ ಕಡ್ಡಿಗಳನ್ನು ಸರಿಸಿ ಗಾಯ ಹುಡುಕಿದರು. ಬೆರಳು ದಪ್ಪದ ಕಾಂಡವನ್ನು ಹಿಡಿಯಿಂದ ಮೆಲ್ಲಗೆ ಬಡಿದರು. ಆರು ವರ್ಷದ ನನ್ನ ಮಗಳು ಒಳಗೆ ಯಾರಿದ್ದಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. "ಇದ್ರೂ ಹೇಳುದಿಲ್ಲ ಮಗಾ" ಎಂದರು ಅಣ್ಣೆರ್. ಅಂಗಡಿಯವನು ಬಂದು, ಕೊಳ್ಳುವುದಿದ್ದರೆ ಕೊಳ್ಳಿ ಎಂದು ಗದರಿದ. ನಾವು ಕೊಳ್ಳಲಿಲ್ಲ. ಮನೆಯಲ್ಲಿ ಪ್ಲಾಸ್ಟಿಕ್‌ನದೇ ಇತ್ತು.

ಇನ್ನು ಸಹಿಯ ವಿಷಯ. ಪ್ರತಿ ಲೋಡಿನ ಜೊತೆ ಒಂದು ಕಾಗದ ಹೋಗಬೇಕು: ಈ ಹಲಗೆಗಳನ್ನು ಪರೀಕ್ಷಿಸಿದ್ದೇನೆ, ದೃಢವಾಗಿವೆ. ಕೆಳಗೆ ಅವರ ಹೆಸರು, ಅವರ ಸಹಿ. ಯಾರ್ಡಿನಿಂದ ಆಫೀಸಿಗೆ ಮುನ್ನೂರು ಹೆಜ್ಜೆಯಾದರೂ ಇದೆ. ಜುಲೈ ತಿಂಗಳಲ್ಲಿ ದಿನಕ್ಕೆ ಏಳೆಂಟು ಸಲ ಆ ಬಿಸಿಲಲ್ಲಿ ನಡೆದು ಬಂದು, ನನ್ನ ಮೇಜಿನ ಮೇಲೆ ಬೆವರು ಬೀಳದಂತೆ ಮೈ ಹಿಂದಕ್ಕೆ ಮಾಡಿ ಸಹಿ ಹಾಕಿ ಹೋಗುವರು. ನೋಡಲಾರದೆ ನಾನೇ ದಾರಿ ಹೇಳಿದೆ. "ಅಣ್ಣ, ಬಿಳಿ ಕಾಗದದಲ್ಲಿ ಒಂದು ಸಹಿ ಹಾಕಿ ಕೊಡಿ. ಕಂಪ್ಯೂಟರಿನಲ್ಲಿ ಇಟ್ಕೊಳ್ತೇನೆ. ನೀವು ಯಾರ್ಡಿನಿಂದ ಫೋನಲ್ಲಿ 'ಆಯ್ತು' ಹೇಳಿದ್ರೆ ಸಾಕು, ನಾನು ಅಂಟಿಸ್ತೇನೆ." ಅವರಿಗೆ ಖುಷಿಯಾಯಿತು. ಮೂರು ಸಲ ಬರೆದು ನೋಡಿ, ಚೆಂದದ್ದನ್ನು ಆರಿಸಿ ಕೊಟ್ಟರು. ಕನ್ನಡದ ಸಹಿ, ಕೊನೆಯಲ್ಲಿ ಒಂದು ಬಾಲ. "ನೀವೇ ಇಟ್ಕೊಳ್ಳಿ ಬಾಯಮ್ಮ. ನಿಮ್ಮ ಹತ್ರ ಇದ್ರೆ ನನ್ನ ಹತ್ರ ಇದ್ದ ಹಾಗೆ." ಮುಂದಿನ ಶುಕ್ರವಾರ ನಮ್ಮ ಹವಲ್ಲಿಯ ಮನೆಗೆ ಬೂತಾಯಿ ಮೀನು ತಂದು ಕೊಟ್ಟರು, ತಾವೇ ಶುಚಿ ಮಾಡಿ. ನನ್ನ ಉಪಕಾರದ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ಎಷ್ಟೋ ವರ್ಷ ಅದು ಸರಿಯಾಗಿಯೇ ನಡೆಯಿತು. ಫೋನ್ ಬಾರದೆ ನಾನು ಒಮ್ಮೆಯೂ ಅಂಟಿಸಲಿಲ್ಲ.

ಆಮೇಲೆ ಆ ಲೋಡು ಬಂತು. ಕಟ್ಟಡದ ಹೊರಗೆ ಕೆಲಸಗಾರರು ನಿಲ್ಲಲು ಸಾರುವೆ ಕಟ್ಟುತ್ತಾರಲ್ಲ, ಅದಕ್ಕೆ ಹಾಸುವ ಹಲಗೆಗಳು. ಕಂಟ್ರಾಕ್ಟರನಿಗೆ ಅವಸರ. ಅಣ್ಣೆರ್ ಬಡಿದು ನೋಡಿ ಮೂರರಲ್ಲಿ ಒಂದಕ್ಕೆ ನೀಲಿ ಗುರುತು ಹಾಕಿದ್ದರು. ಮರುದಿನ ಇಕಾಮಾದ, ಅಂದರೆ ಇಲ್ಲಿ ಇರಲು ಕೊಡುವ ಪರವಾನಗಿಯ, ನವೀಕರಣಕ್ಕೆ ಬೇಕಾದ ವೈದ್ಯಕೀಯ ತಪಾಸಣೆಗೆಂದು ಅವರು ಯಾರ್ಡಿಗೆ ಬಂದಿರಲಿಲ್ಲ. ಮ್ಯಾನೇಜರರು ನನ್ನನ್ನು ಕೋಣೆಗೆ ಕರೆದರು.

"ಇವ್ರದ್ದೊಂದು ಬಡಿಯುವ ಹುಚ್ಚು ಮಾರಾಯ್ರೆ. ಮೂರಕ್ಕೆ ಒಂದು ರಿಜೆಕ್ಟ್ ಅಂತೆ! ಪಾರ್ಟಿ ಅಲ್ಲಿ ಸೈಟಲ್ಲಿ ಕೂತಿದ್ದಾನೆ. ಎಂತ ಮಾಡುದು, ನೀವೇ ಹೇಳಿ ಮೇಡಂ."

ಆ 'ನೀವೇ ಹೇಳಿ' ಎಂಬ ಮಾತು ನನ್ನ ತಲೆಗೇರಿತು. ಆರ್ಡರಿನ ಕಾಗದ ನನ್ನ ಕೈಯಲ್ಲಿತ್ತು. ನಮ್ಮ ಹಲಗೆ ನಾಲ್ಕು ಮೀಟರ್, ಅವರು ಕೇಳಿದ್ದು ಮೂರೂವರೆ. ಹೇಗೂ ಒಂದು ತುದಿಯಿಂದ ಅರ್ಧ ಮೀಟರ್ ಕತ್ತರಿಸಬೇಕು. ನಾನು ಹೇಳಿದೆ: "ಒಂದು ಕಡೆ ಅರ್ಧ ಮೀಟರ್ ಕತ್ತರಿಸುವ ಬದಲು ಎರಡೂ ಕಡೆ ಕಾಲು ಕಾಲು ಮೀಟರ್ ಕತ್ತರಿಸಿದ್ರೆ ಆಗುದಿಲ್ವಾ ಸರ್?"

ಅಂದವಾಗಿ ಕಾಣಲಿ ಎಂದು ಹಾಗೆ ಹೇಳಿದೆ ಎಂದು ನಾನು ನನಗೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಸುಳ್ಳು. ತುದಿಗಳಲ್ಲಿ ಯಾವ ಗುರುತಿದೆ ಎಂದು ನನಗೆ ಗೊತ್ತಿತ್ತು. ಮ್ಯಾನೇಜರರು ಕ್ಷಣಹೊತ್ತು ನನ್ನನ್ನೇ ನೋಡಿ, "ನೀವು ನನ್ನ ಕುರ್ಚಿಯಲ್ಲಿ ಕೂರ್ಬೇಕಿತ್ತು" ಎಂದು ನಕ್ಕರು. ನನಗೆ ಹಿತವಾಯಿತು. "ಇನ್‌ಸ್ಪೆಕ್ಷನ್ ಪೇಪರ್?" ಎಂದರು. "ಸಹಿ ನನ್ನ ಹತ್ರವೇ ಉಂಟು ಸರ್" ಎಂದೆ. ಅದನ್ನೂ ಅವರು ಕೇಳಿರಲಿಲ್ಲ, ನಾನೇ ಹೇಳಿದ್ದು. ಮಧ್ಯಾಹ್ನದೊಳಗೆ ಗರಗಸ ಓಡಿತು. ಲಾರಿ ತುಂಬಿತು. ಮ್ಯಾನೇಜರರು ಕಿಟಕಿಯಿಂದ ನೋಡಿ, "ಯಲ್ಲಾ, ಖಲಾಸ್" ಎಂದು ಕೈ ಒರೆಸಿಕೊಂಡರು.

ಮರುದಿನ ಬೆಳಿಗ್ಗೆ ಅಣ್ಣೆರ್ ಒಳಗೆ ಬಂದು ನನ್ನ ಮೇಜಿನ ಮೇಲೆ ಒಂದು ಮರದ ತುಂಡು ಇಟ್ಟರು. ಕಾಲು ಮೀಟರ್ ಉದ್ದ, ಒಂದು ಬದಿಯಲ್ಲಿ ನೀಲಿ ಗುರುತು.

"ಗರಗಸದ ಹತ್ರ ಇಂಥದ್ದರ ಗುಡ್ಡೆ ಉಂಟು ಬಾಯಮ್ಮ. ತುದಿ ಕಡ್ದ್ರೆ ಒಳಗಿನದ್ದು ಹೋಗ್ತದಾ? ಅದು ಉದ್ದಕ್ಕೆ ಓಡುದು."

ನಾನು ಕಂಪ್ಯೂಟರಿನ ಪರದೆ ನೋಡುತ್ತಿದ್ದೆ.

"ಪೇಪರ್ ಹೋಗಿದೆಯಾ?"

"ಹೋಗಿದೆ ಅಣ್ಣ."

"ಸಹಿ?"

ನಾನು ಕೀಬೋರ್ಡಿನಲ್ಲಿ ಏನೋ ಒತ್ತಿದೆ. ಅವರು ತುಂಡನ್ನು ತಿರುಗಿಸಿ ನೀಲಿ ಗುರುತು ನನ್ನ ಕಡೆ ಮಾಡಿದರು. ಆಮೇಲೆ ಕೇಳಿದರು, "ಎರಡೂ ತುದಿ ಕಡಿಯುವ ಬುದ್ಧಿ ಯಾರದ್ದು?"

"ನನಗೆ ಗೊತ್ತಿಲ್ಲ. ಮೇಲಿಂದ ಬಂತು."

ನನ್ನ ಮೇಲೆ ಇದ್ದದ್ದು ಒಂದು ಸೀಲಿಂಗ್ ಮಾತ್ರ. ಅವರು ನೇರ ಮ್ಯಾನೇಜರರ ಕೋಣೆಗೆ ಹೋದರು. ಬಾಗಿಲು ತೆರೆದೇ ಇತ್ತು. ಲೋಡು ವಾಪಸು ತರಿಸಿ ಎಂದು ಅವರು ಕೈಮುಗಿದು ಕೇಳುವುದು ನನಗೆ ಕೇಳಿಸಿತು. "ನಿಮ್ಮ ಇಕಾಮಾ ಪೇಪರ್ ಈಗ ನನ್ನ ಟೇಬಲಲ್ಲಿ ಉಂಟು, ನೆನಪಿರಲಿ. ವೀಸಾ ಕೊಟ್ಟ ಕಫೀಲ್‌ಗೆ ನಾನೇ ಹೇಳ್ಬೇಕು. ಸುಮ್ನೆ ಯಾರ್ಡಿಗೆ ಹೋಗಿ" ಎಂದು ಮ್ಯಾನೇಜರರು ತುಳುವಿನಲ್ಲಿ, ತಗ್ಗಿದ ದನಿಯಲ್ಲಿ ಹೇಳಿದ್ದೂ ಕೇಳಿಸಿತು. ನಮ್ಮವರು ನಮ್ಮವರಿಗೆ ಆದದ್ದು ಹೀಗೆ.

ಆ ಕಟ್ಟಡ ಏಳುತ್ತಿದ್ದದ್ದು ಹವಲ್ಲಿಯಲ್ಲೇ, ನಮ್ಮ ಮನೆಯ ಹಿಂದಿನ ಬೀದಿಯಲ್ಲಿ. ಅಡುಗೆಮನೆಯ ಕಿಟಕಿಯಿಂದ ಸಾರುವೆ ಕಾಣುತ್ತಿತ್ತು. ಹಳದಿ ಟೊಪ್ಪಿಯವರು ನನ್ನ ಹಲಗೆಗಳ ಮೇಲೆ ಸಿಮೆಂಟಿನ ಬುಟ್ಟಿ ಹಿಡಿದು ಓಡಾಡುವುದನ್ನು ನೋಡುತ್ತಲೇ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಏನೂ ಆಗಲಿಲ್ಲ. ಇನ್ನೊಂದು ದಿನವೂ ಏನೂ ಆಗಲಿಲ್ಲ. ಅಣ್ಣೆರದು ಅತಿಯಾಯಿತು ಎಂದು ಅನ್ನಿಸತೊಡಗಿತ್ತು.

ಶುಕ್ರವಾರ ರಜೆಯ ದಿನ ಪಾತ್ರೆ ತೊಳೆಯುತ್ತಿದ್ದಾಗ ಕೆಳಗೆ ಅವರು ಕಂಡರು. ಬಸ್ಸು ಹಿಡಿದು ಬಂದಿದ್ದರು. ಕೆಲಸಗಾರರಿಲ್ಲದ ಸೈಟಿನ ಒಳಗೆ ನುಗ್ಗಿ, ಕೈಗೆಟುಕುವ ಮೊದಲ ಅಟ್ಟದ ಹಲಗೆಗಳನ್ನು ಕೆಳಗಿನಿಂದಲೇ ಒಂದೊಂದಾಗಿ ಬಡಿಯುತ್ತಿದ್ದರು. ಒಂದು ಹಲಗೆಯ ಕೆಳಗೆ ನಿಂತು ಜೇಬಿಗೆ ಕೈ ಹಾಕಿದರು, ನೀಲಿ ಕಡ್ಡಿಗೆ ಇರಬೇಕು. ಅಷ್ಟರಲ್ಲಿ ಕಾವಲುಗಾರ ಓಡಿ ಬಂದ. ಅಣ್ಣೆರ್ ಹಲಗೆ ತೋರಿಸುತ್ತ ಏನೇನೋ ಹೇಳಿದರು. ಅವನು ಸಮವಸ್ತ್ರದವನು, ಆದರೂ ಆ ದಿನ ಅವರ ಬಾಯಿ ಒಣಗಲಿಲ್ಲ, ಕಿಟಕಿ ಮುಚ್ಚಿದ್ದರೂ ದನಿ ಕೇಳುತ್ತಿತ್ತು. ಅವನು ಅವರ ಕುತ್ತಿಗೆಪಟ್ಟಿ ಹಿಡಿದು ಬೀದಿಗೆ ತಳ್ಳಿದ. ನಾನು ಕೆಳಗೆ ಇಳಿದು ಹೋಗಿ, ಇವರು ಹೇಳುವುದು ನಿಜ, ನಾನು ಆ ಕಂಪನಿಯವಳೇ ಎಂದು ಹೇಳಬಹುದಿತ್ತು. ಮೂರು ಮಹಡಿ ಇಳಿದರೆ ಮುಗಿಯುತ್ತಿತ್ತು. ನಾನು ಪರದೆ ಎಳೆದೆ.

ಮುಂದಿನ ವಾರ ಹಲಗೆ ಮುರಿಯಿತು. ಮೂರನೆಯ ಅಟ್ಟದಿಂದ ಗಾರೆ ಕೆಲಸದ ಒಬ್ಬ ತೆಲುಗಿನವನು ಬಿದ್ದ. ನನ್ನ ಗಂಡ ಜಾಬ್ರಿಯಾದ ಆಸ್ಪತ್ರೆಯಲ್ಲಿ ನರ್ಸು. ಅವನನ್ನು ತಂದದ್ದು ಅವರ ವಾರ್ಡಿಗೇ. ಊಟಕ್ಕೆ ಕೂತಾಗ ಹೇಳಿದರು. ಜೀವ ಉಳಿದಿದೆ, ಸೊಂಟದ ಕೆಳಗೆ ಏನೂ ಇಲ್ಲ, ಇಪ್ಪತ್ತಾರು ವರ್ಷ. "ಹಲಗೆ ರಸ್ಕಿನ ಹಾಗೆ ಮುರಿದಿತ್ತಂತೆ. ಯಾವ ಕಂಪನಿಯ ಕಳ್ಳರು ಕೊಟ್ಟದ್ದೋ" ಎಂದರು. ನಾನು ಅವರ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದೆ.

ವಿಚಾರಣೆ ನಡೆದದ್ದು ಮ್ಯಾನೇಜರರ ಕೋಣೆಯಲ್ಲೇ. ಕಂಟ್ರಾಕ್ಟರನ ಕಡೆಯ ಇಬ್ಬರು, ವಿಮೆಯವನು ಒಬ್ಬ. ನಡೆದದ್ದನ್ನು ಬರೆದುಕೊಳ್ಳಲು ಮೂಲೆಯಲ್ಲಿ ನಾನು. ಮೇಜಿನ ಮೇಲೆ ಆ ಕಾಗದ: ಪರೀಕ್ಷಿಸಿದ್ದೇನೆ, ದೃಢವಾಗಿವೆ. ಕೆಳಗೆ ಬಾಲವಿರುವ ಸಹಿ. ವಿಮೆಯವನು ಕಾಗದವನ್ನು ಅಣ್ಣೆರ ಮುಂದೆ ಸರಿಸಿ, ಇದು ನಿನ್ನ ಸಹಿಯೇ ಎಂದು ಕೇಳಿದ. ಆ ಕೋಣೆಯಲ್ಲಿ ಸತ್ಯ ಗೊತ್ತಿದ್ದವರು ಮೂವರು. ಮ್ಯಾನೇಜರರು ಫೋನು ನೋಡುತ್ತಿದ್ದರು. ನಾನು ಪೆನ್ನು ಹಿಡಿದಿದ್ದೆ. ಅಣ್ಣೆರ್ ಕಾಗದವನ್ನು ಎರಡೂ ಕೈಯಲ್ಲಿ ಎತ್ತಿ ನೋಡಿದರು. ಅಂಟಿಸಿದ್ದು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನನ್ನ ಕೆಲಸ ಹೋಗುತ್ತಿತ್ತು, ಬಹುಶಃ ಪೊಲೀಸರೂ ಬರುತ್ತಿದ್ದರು. ಅವರು ನನ್ನ ಕಡೆ ತಿರುಗಲಿಲ್ಲ.

"ನನ್ದೇ" ಎಂದರು.

ನಾನು ಇಂಗ್ಲಿಷಿನಲ್ಲಿ ಬರೆದುಕೊಂಡೆ: ಸಹಿ ತನ್ನದೆಂದು ಒಪ್ಪಿಕೊಂಡರು. ಅಕ್ಷರ ಮುತ್ತಿನ ಹಾಗೆ ಬಂದಿದೆ, ಈಗಲೂ ಫೈಲಿನಲ್ಲಿದೆ.

ವಾರದೊಳಗೆ ಅವರ ಲೆಕ್ಕ ಮುಗಿಸಿ, ಮತ್ತೆ ಬಾರದಂತೆ ಮಾಡಿ, ಊರಿಗೆ ಟಿಕೆಟ್ ಕೊಟ್ಟರು. ಹೊರಡುವ ಮುಂಚಿನ ದಿನ ನಾನು ಸಬ್ಹಾನಿನ ಕ್ಯಾಂಪಿಗೆ ಅವರನ್ನು ನೋಡಲು ಹೋದೆ. ಖರ್ಜೂರದ ಡಬ್ಬ, ಹಾಲಿನ ಪುಡಿ, ಒಂದು ಕಂಬಳಿ ಒಯ್ದಿದ್ದೆ. ಗಲ್ಫಿನಿಂದ ಹೋಗುವವರಿಗೆ ನಾವು ಇವನ್ನು ಕೊಡುತ್ತೇವೆ, ಸಂತೋಷದಿಂದ ಹೋದರೂ, ಓಡಿಸಿದರೂ. ಆರು ಮಂಚದ ಕೋಣೆ, ಉಳಿದವರು ಕೆಲಸಕ್ಕೆ ಹೋಗಿದ್ದರು. ಅವರು ಪೆಟ್ಟಿಗೆಗೆ ಹಗ್ಗ ಕಟ್ಟುತ್ತಿದ್ದರು. ಹಿಡಿ ಹಾಸಿಗೆಯ ಮೇಲಿತ್ತು. ನಾನು ಅಳಲು ಸಿದ್ಧಳಾಗಿಯೇ ಹೋಗಿದ್ದೆ, ಅತ್ತೆ. ಎರಡೂ ತುದಿ ಕತ್ತರಿಸುವ ಬುದ್ಧಿಯೂ ನನ್ನದೇ ಎಂದೆ.

"ಗೊತ್ತುಂಟು" ಎಂದರು. "ಎರಡು ತುದಿಗೂ ಯಾಕೆ ಗುರುತು ಅಂತ ಕೇಳಿದವ್ರು ನೀವೊಬ್ರೇ."

"ಮತ್ತೆ ಅಲ್ಲಿ ಯಾಕೆ ಹೇಳ್ಲಿಲ್ಲ ಅಣ್ಣ?"

ಅವರು ಹಗ್ಗದ ಗಂಟು ಹಲ್ಲಿನಲ್ಲಿ ಕಚ್ಚಿ ಬಿಗಿದರು. ಕ್ಷಮೆಯ ಒಂದು ಮಾತು ಬರುತ್ತದೆಂದು ನಾನು ಕಾದಿದ್ದೆ. ಬಾಯಮ್ಮ, ನಿಮ್ಮ ಮಗಳ ಮುಖ ನೋಡಿ ಸುಮ್ಮನಾದೆ ಎನ್ನುತ್ತಾರೆ ಎಂದುಕೊಂಡಿದ್ದೆ. ಅಂಥದ್ದೇನೂ ಬರಲಿಲ್ಲ.

"ಸಹಿ ನನ್ದೇ ಅಲ್ವಾ. ನಿಮ್ಮ ಕೈಗೆ ಕೊಟ್ಟದ್ದು ನಾನು. ಹಲಗೆ ಆಗಿದ್ರೆ ಬಡ್ದು ನೋಡ್ತಿದ್ದೆ. ನಿಮ್ಮನ್ನು ನೋಡ್ಲಿಲ್ಲ. ಇನ್‌ಸ್ಪೆಕ್ಷನ್ ಮಾಡಿದವಂದೇ ತಪ್ಪು."

ಖರ್ಜೂರ, ಹಾಲಿನ ಪುಡಿ ಇಟ್ಟುಕೊಂಡರು. ಕಂಬಳಿ ಭಾರವಾಗುತ್ತದೆಂದು ವಾಪಸು ಕೊಟ್ಟರು. ನಾನು ಕಂಬಳಿ ಹೊತ್ತುಕೊಂಡು ಬಸ್ ಸ್ಟಾಪಿಗೆ ನಡೆದೆ.

ಊರಿನಲ್ಲಿ ಅವರಿಗೆ ಕೆಲಸವಿರಲಿಲ್ಲ ಎಂದು ಆಮೇಲೆ ಕೇಳಿದೆ. ದೋಣಿಗಳೆಲ್ಲ ಫೈಬರಿನದಾಗಿದ್ದವು, ಫೈಬರನ್ನು ಬಡಿದು ನೋಡಬೇಕಾಗಿಲ್ಲ. ಬಂದರಿನಲ್ಲಿ ಮಂಜುಗಡ್ಡೆ ಹೊರುತ್ತಿದ್ದರಂತೆ. ನಾನು ಒಮ್ಮೆಯೂ ಫೋನ್ ಮಾಡಲಿಲ್ಲ. ಮಾಡಿದ್ದರೆ 'ಬಾಯಮ್ಮ' ಎನ್ನುತ್ತಿದ್ದರೋ 'ಮೇಡಂ' ಎನ್ನುತ್ತಿದ್ದರೋ ಎಂಬುದು ಗೊತ್ತಾಗುವುದು ನನಗೆ ಬೇಡವಿತ್ತು. ನಾನು ಅದೇ ಆಫೀಸಿನಲ್ಲಿ, ಅದೇ ಹೊಟ್ಟಿನ ಮೇಜಿನ ಮುಂದೆ ಇದ್ದೇನೆ. ಸಂಬಳ ಎರಡು ಸಲ ಏರಿದೆ. ಭಾನುವಾರದ ಪ್ರಾರ್ಥನೆಗೆ ಹೋಗುತ್ತೇನೆ, ಕ್ರಿಸ್‌ಮಸ್ಸಿಗೆ ಕುಸ್ವಾರ್ ತಿಂಡಿ ಮಾಡಿ ಅಕ್ಕಪಕ್ಕದವರಿಗೆ ಹಂಚುತ್ತೇನೆ, ಎಲ್ಲರೂ ನನ್ನನ್ನು ಒಳ್ಳೆಯವಳು ಎನ್ನುತ್ತಾರೆ. ಆ ಬಿಳಿಯ ಮನುಷ್ಯ ಹೇಳಿದ್ದನ್ನು ಕನ್ನಡ ಮಾಡಿದವಳು ನಾನೇ ಆದ್ದರಿಂದ ಇದರಲ್ಲಿ ನನಗೆ ಆಶ್ಚರ್ಯವಿಲ್ಲ.

ಹೋದ ವಾರ ಸಂಘದ ಹಾಲಿನಲ್ಲಿ ಶ್ರದ್ಧಾಂಜಲಿ ಸಭೆ ಇತ್ತು. ಫೋಟೋಗೆ ಹಾರ ಹಾಕಿದ್ದು ಅಧ್ಯಕ್ಷರು. "ಅವರು ನಮ್ಮ ಕಂಪನಿಯ ಕಿವಿಯಾಗಿದ್ದರು, ಪ್ರಾಮಾಣಿಕತೆಗೆ ಇನ್ನೊಂದು ಹೆಸರು" ಎಂದು ಹೇಳಿ ಕಣ್ಣು ಒರೆಸಿಕೊಂಡರು. ನಿಜವಾಗಿಯೂ ನೀರು ಬಂದಿತ್ತು, ನಾನು ಮುಂದಿನ ಸಾಲಿನಲ್ಲೇ ಇದ್ದೆ. ನನ್ನ ಚೀಲದಲ್ಲಿ ಆ ನೀಲಿ ಗುರುತಿನ ತುಂಡು ಇತ್ತು. ಅಣ್ಣೆರ್ ಅಂದು ಮೇಜಿನ ಮೇಲೆ ಇಟ್ಟು ಹೋದದ್ದು, ಅಂದಿನಿಂದ ನನ್ನ ಬಳಿಯೇ ಇದೆ. ಫೋಟೋದ ಮುಂದೆ ಇಡಬೇಕೆಂದು ಒಯ್ದಿದ್ದೆ. ನನ್ನ ಸರದಿ ಬಂದಾಗ ಎದ್ದು, ತುಂಬ ಒಳ್ಳೆಯ ಮನುಷ್ಯ ಎಂದು ಹೇಳಿ ಕೂತೆ. ಆಮೇಲೆ ಉಪ್ಪಿಟ್ಟು, ಚಹಾ ಕೊಟ್ಟರು.

ಆದ್ದರಿಂದ ಇದನ್ನು ಬರೆದೆ. ಮಗಳ ಶಾಲೆ ಇನ್ನೊಂದು ವರ್ಷ ಬಾಕಿ ಇದೆ, ನನ್ನ ಇಕಾಮಾ ಕೂಡ ಅದೇ ಮೇಜಿನ ಮೇಲೆ ಇರುವುದು. ಇದು ಅಚ್ಚಾದರೆ ಏನಾಗುತ್ತದೆ ಎಂದು ನನಗೆ ತಿಳಿಯದ್ದಲ್ಲ. ನಿನ್ನೆ ಗಂಡನಿಗೆ ಓದಿ ಹೇಳಿದೆ. ಅವರು ಎದ್ದು ಹೋಗಿ ಅಡುಗೆಮನೆಯ ಕಿಟಕಿಯ ಬಳಿ ನಿಂತರು. ಅಲ್ಲಿ ಈಗ ಆ ಕಟ್ಟಡ ಪೂರ್ತಿಯಾಗಿದೆ, ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತಿರುತ್ತದೆ.

ಕಾರ್ಯದರ್ಶಿಗಳೇ, ನೀವು ಎರಡು ಪುಟ ಕೇಳಿದ್ದಿರಿ, ಇದು ಉದ್ದವಾಗಿದೆ. ಅಧ್ಯಕ್ಷರಿಗೆ ಕೊಡಿ. ಹೆಚ್ಚಾಯಿತು ಎಂದರೆ ಎರಡೂ ತುದಿಯಿಂದ ಸ್ವಲ್ಪ ಸ್ವಲ್ಪ ಕತ್ತರಿಸಲಿ; ಹೇಗೆ ಕತ್ತರಿಸುವುದೆಂದು ನಾನೇ ಅವರಿಗೆ ಹೇಳಿಕೊಟ್ಟಿದ್ದೇನೆ. ಕೊನೆಯ ಹಾಳೆಯಲ್ಲಿರುವ ಸಹಿ ನನ್ನದು. ಅಂಟಿಸಿದ್ದಲ್ಲ, ಪೆನ್ನಿನಲ್ಲಿ ಹಾಕಿದ್ದು. ಯಾರಾದರೂ ಮುಂದೆ ಸರಿಸಿ ಕೇಳಿದರೆ ನನ್ನದೇ ಎನ್ನುತ್ತೇನೆ.